ಹೊಟ್ಟೆ ನುಲಿತಕ್ಕೆ ಪೇರಲ ಎಲೆಯೋ, ಕ್ಯಾಮೊಮೈಲ್ ಚಹಾವೋ?

ಪುಣೆಯ ನಮ್ಮ ಕನ್ನಡದ ಮನೆಗಳಲ್ಲಿ ಖಾರದ ಮಿಸಳ್ ತಿಂದು ಹೊಟ್ಟೆ ಹಿಂಡಿದರೆ ಎರಡು ಸಲಹೆ ಗ್ಯಾರಂಟಿ. ಅಜ್ಜಿ ಪೇರಲ ಎಲೆ ಕುದಿಸು ಅನ್ನುತ್ತಾರೆ. ಮೊಮ್ಮಗಳು ಕ್ಯಾಮೊಮೈಲ್ ಅನ್ನುವ ಒಣ ಹೂವಿನ ಟೀ ಬ್ಯಾಗ್ ತೆಗೆಯುತ್ತಾಳೆ.

ಎರಡರಲ್ಲೂ ಗಿಡಗಳೇ ತಯಾರಿಸುವ ರಾಸಾಯನಿಕಗಳಾದ ಫ್ಲೇವನಾಯ್ಡ್‌ಗಳಿವೆ. ಪೇರಲ ಎಲೆಯಲ್ಲಿ ಕ್ವೆರ್ಸೆಟಿನ್, ಕ್ಯಾಮೊಮೈಲ್‌ನಲ್ಲಿ ಮುಖ್ಯವಾಗಿ ಎಪಿಜೆನಿನ್. ಕರುಳಿನ ಸ್ನಾಯು ಬಿಗಿಯಲು ಅದರ ಜೀವಕೋಶದೊಳಗೆ ಕ್ಯಾಲ್ಸಿಯಂ ನುಗ್ಗಬೇಕು. ಕ್ವೆರ್ಸೆಟಿನ್ ಆ ಬಾಗಿಲನ್ನೇ ಅರ್ಧ ಮುಚ್ಚುತ್ತದೆ. ಲ್ಯಾಬ್‌ನಲ್ಲಿ ಗಿನಿಪಿಗ್‌ನ ಕರುಳಿನ ತುಂಡನ್ನು ಬೆಚ್ಚಗಿನ ಲವಣದ ದ್ರಾವಣದಲ್ಲಿ ತೂಗುಹಾಕಿ, ಸ್ನಾಯುವನ್ನು ಬಿಗಿಸುವ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಹಾಕುತ್ತಾರೆ. ತುಂಡು ಗಕ್ಕನೆ ಕುಗ್ಗುತ್ತದೆ. ಫ್ಲೇವನಾಯ್ಡ್ ಬಿದ್ದರೆ ಸಡಿಲವಾಗುತ್ತದೆ. ಆದರೆ ನಾವು ಕುಡಿದ ಎಪಿಜೆನಿನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಹಾಗಾಗಿ ಟೀ ಡಬ್ಬಿಯ ಮೇಲಿನ ದೊಡ್ಡ ಮಾತುಗಳನ್ನು ಸುಮ್ನೆ ನಂಬಬೇಡಿ.

ನುಲಿತದ ಜೊತೆ ಭೇದಿಯೂ ಇದ್ದರೆ ನನ್ನ ವೋಟು ಪೇರಲ ಎಲೆಗೆ. ಅದರ ಒಗರಿಗೆ ಕಾರಣವಾದ ಟ್ಯಾನಿನ್ ಕೂಡ ಇಲ್ಲಿ ನೆರವಿಗೆ ಬರುತ್ತದೆ. ದುಡ್ಡೂ ಬೇಡ, ಅಲ್ವಾ? ಮಲಬದ್ಧತೆ ಇದ್ದವರಿಗೆ ಮಾತ್ರ ಬೇಡ.

ಬರೀ ಗ್ಯಾಸು, ಟೆನ್ಷನ್ ಆದರೆ ಕ್ಯಾಮೊಮೈಲ್ ನೋಡಬಹುದು. ರುಚಿಯಂತೂ ಅದರದ್ದೇ ಚೆಂದ. ಒಂದು ಎಚ್ಚರ: ಅದು ಸೇವಂತಿಯ ಕುಟುಂಬದ ಗಿಡ. 1950ರ ದಶಕದಲ್ಲಿ ಪುಣೆಯಲ್ಲೇ ಕಣ್ಣಿಗೆ ಬಿದ್ದು ದೇಶವೆಲ್ಲ ಹಬ್ಬಿದ ಕಾಂಗ್ರೆಸ್ ಹುಲ್ಲೂ ಅದೇ ಕುಟುಂಬದ್ದು. ಆ ಹುಲ್ಲಿನ ಅಲರ್ಜಿ ಇದ್ದವರು ದೂರವಿರುವುದೇ ಒಳ್ಳೆಯದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರೂ ಡಾಕ್ಟರನ್ನು ಕೇಳದೆ ಕುಡಿಯಬಾರದು.

ಭೇದಿ ಜಾಸ್ತಿಯಾದರೆ ಮೊದಲು ಓಆರ್‌ಎಸ್. ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ ಇವೆರಡನ್ನೂ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ.