ನ್ಯೂ ಆರ್ಡರ್ ಆರಂಭದ ಹಾಡುಗಳಿಗೆ 'ಸಬ್‌ಸ್ಟನ್ಸ್' ಕೊಳ್ಳಬೇಕೇ, 'ಪವರ್, ಕರಪ್ಷನ್ ಅಂಡ್ ಲೈಸ್' ಕೊಳ್ಳಬೇಕೇ?

ಮ್ಯಾಂಚೆಸ್ಟರ್‌ನ ನ್ಯೂ ಆರ್ಡರ್ ತಂಡವನ್ನು ಹೊಸದಾಗಿ ಕೇಳುವವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: 1987ರ 'ಸಬ್‌ಸ್ಟನ್ಸ್' ಸಂಕಲನ ತಗೊಳ್ಳಿ, ಸಿಂಗಲ್‌ಗಳೆಲ್ಲ (ಆಲ್ಬಂನಿಂದ ಬೇರೆಯಾಗಿ, ಬಿಡಿ ರೆಕಾರ್ಡ್‌ಗಳಾಗಿ ಬಂದ ಹಾಡುಗಳು) ಅದರಲ್ಲೇ ಇವೆ. ಈ ಸಲಹೆಗೆ ನನ್ನ ಒಪ್ಪಿಗೆಯಿಲ್ಲ. ನಿಮಗೆ ಬೇಕಿರುವುದು ಎಂಬತ್ತರ ದಶಕದ ಮೊದಲ ವರ್ಷಗಳ ನ್ಯೂ ಆರ್ಡರ್ ಆದರೆ 1983ರ ಆಲ್ಬಂ 'ಪವರ್, ಕರಪ್ಷನ್ ಅಂಡ್ ಲೈಸ್'ನ 2008ರ ಎರಡು ಸಿಡಿಗಳ ಆವೃತ್ತಿಯನ್ನು ಹುಡುಕಿ ಕೊಳ್ಳಿ. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದ ಮೇಲೆ ಹೇಳುತ್ತಿರುವ ಮಾತಿದು.

'ಸಬ್‌ಸ್ಟನ್ಸ್'ನ ತೊಡಕು 'ಟೆಂಪ್ಟೇಶನ್' ಹಾಡಿನಲ್ಲಿದೆ. ಹೆಸರು ಅದೇ, ಧ್ವನಿಮುದ್ರಣ ಬೇರೆ. 1982ರಲ್ಲಿ 12 ಇಂಚಿನ ಸಿಂಗಲ್ ಆಗಿ ಬಂದ ಮೂಲ ಹಾಡು ಎಂಟೂಮುಕ್ಕಾಲು ನಿಮಿಷದ್ದು. ಮೊದಲ ಎಲ್‌ಪಿ (ಪೂರ್ಣ ಆಲ್ಬಂನ ರೆಕಾರ್ಡ್) 'ಮೂವ್‌ಮೆಂಟ್' ನಿರ್ಮಿಸಿದ್ದ ಮಾರ್ಟಿನ್ ಹ್ಯಾನೆಟ್ ಇಲ್ಲದೆ ತಂಡದವರೇ ಮಾಡಿಕೊಂಡದ್ದು. ಯಂತ್ರದ ತಾಳ ಮುಂದೆ ಓಡುತ್ತದೆ, ಸ್ಟೀಫನ್ ಮಾರಿಸ್ ಡ್ರಮ್ ಅದರ ಬೆನ್ನು ಹತ್ತುತ್ತದೆ, ಗಿಟಾರ್ ಒರಟಾಗಿ ಮೇಲೆ ಬೀಳುತ್ತದೆ. ಆ ಹಾಡಿನ ಜೀವ ಇರುವುದೇ ಈ ಎಳೆದಾಟದಲ್ಲಿ. ಗಾಯಕ ಬರ್ನಾರ್ಡ್ ಸಮ್ನರ್ ಒಮ್ಮೆ ಚೀರುವುದೂ ಅದರಲ್ಲಿ ಉಳಿದುಕೊಂಡಿದೆ. ಹಾಡುತ್ತಿದ್ದಾಗ ಅವರ ಅಂಗಿಯೊಳಗೆ ಹಿಮ ತುರುಕಿದ್ದರಂತೆ.

'ಸಬ್‌ಸ್ಟನ್ಸ್'ನಲ್ಲಿರುವುದು 1987ರಲ್ಲಿ ಮತ್ತೆ ಹಾಡಿ ನುಡಿಸಿದ ಏಳು ನಿಮಿಷದ ಹಾಡು. ಶುಚಿಯಾಗಿದೆ, ಗಟ್ಟಿಯಾಗಿದೆ, ತಾಳ ಎಲ್ಲೂ ತಪ್ಪುವುದಿಲ್ಲ. ಆದರೆ ಅದು ಐದು ವರ್ಷ ಪಳಗಿದ ತಂಡದ ಕೆಲಸ. ಕಾಲಕ್ರಮದಲ್ಲಿ ಕೇಳುತ್ತಾ ಹೋದರೆ 1981ರ 'ಎವ್ರಿಥಿಂಗ್ಸ್ ಗಾನ್ ಗ್ರೀನ್' ಮುಗಿದೊಡನೆ ಸದ್ದು ಥಟ್ಟನೆ 87ಕ್ಕೆ ಜಿಗಿದು, 'ಬ್ಲೂ ಮಂಡೇ' ಬಂದಾಗ ಮತ್ತೆ 83ಕ್ಕೆ ಮರಳುತ್ತದೆ. ಯಂತ್ರಗಳನ್ನು ಈ ತಂಡ ಹಾಡಿನಿಂದ ಹಾಡಿಗೆ ಹೇಗೆ ಕಲಿತುಕೊಂಡಿತು ಎಂಬುದನ್ನು ಹಿಡಿಯಬೇಕಾದ ಜಾಗದಲ್ಲೇ ಕೊಂಡಿ ಕಳಚಿದೆ.

'ಕನ್‌ಫ್ಯೂಷನ್' ಗತಿಯೂ ಇದೇ. ನ್ಯೂಯಾರ್ಕ್‌ನಲ್ಲಿ ನಿರ್ಮಾಪಕ ಆರ್ಥರ್ ಬೇಕರ್ ಜೊತೆ ಮಾಡಿದ 1983ರ ಹಾಡು ಎಂಟು ನಿಮಿಷ ದಾಟುತ್ತದೆ. 'ಸಬ್‌ಸ್ಟನ್ಸ್'ನಲ್ಲಿ ಮತ್ತೆ ಹಾಡಿ ನುಡಿಸಿದ್ದು ಐದು ನಿಮಿಷಕ್ಕೂ ಕಡಿಮೆ. ಕುಣಿಯುವವರಿಗಾಗಿ ಬಿಟ್ಟಿದ್ದ ಉದ್ದನೆಯ ತಾಳದ ಭಾಗಗಳೇ ಹೋಗಿವೆ. ಸಿಡಿಯಲ್ಲಿ 'ದಿ ಪರ್ಫೆಕ್ಟ್ ಕಿಸ್' ಹಾಡಿನ ಕೊನೆಯ ಭಾಗಕ್ಕೂ ಕತ್ತರಿ ಬಿದ್ದಿದೆ.

ಆನ್‌ಲೈನ್‌ನಲ್ಲಿ ಕೇಳುವವರು ಹೆಸರನ್ನು ನಂಬದೆ ಅವಧಿ ನೋಡಿ. 'ಟೆಂಪ್ಟೇಶನ್' ಏಳು ನಿಮಿಷದ ಆಸುಪಾಸಿನಲ್ಲಿದ್ದರೆ 87ರದ್ದು, ಎಂಟೂವರೆ ದಾಟಿದರೆ 82ರ 12 ಇಂಚಿನದು.

ಇನ್ನು ನನ್ನ ಆಯ್ಕೆ, 'ಪವರ್, ಕರಪ್ಷನ್ ಅಂಡ್ ಲೈಸ್'. 1983ರ ಬ್ರಿಟಿಷ್ ಎಲ್‌ಪಿಯಲ್ಲಿ ಎಂಟೇ ಹಾಡು, 'ಬ್ಲೂ ಮಂಡೇ' ಇಲ್ಲ. ಅಮೆರಿಕದ ಹಳೆಯ ಸಿಡಿಯಲ್ಲಿ ಅದನ್ನು '5 8 6' ಪಕ್ಕಕ್ಕೇ ಸೇರಿಸಿದ್ದಾರೆ. ಎರಡೂ ಒಂದೇ ಬೇರಿನಿಂದ ಚಿಗುರಿದ ಹಾಡುಗಳು, ಹಾಗಾಗಿ ಬೆನ್ನಿಗೆ ಬೆನ್ನು ಬಂದಾಗ ಎರಡರ ಸೊಗಸೂ ತಗ್ಗುತ್ತದೆ. 2008ರ ಆವೃತ್ತಿ ಇದನ್ನು ಸರಿಯಾಗಿ ಮಾಡಿದೆ: ಮೊದಲ ಡಿಸ್ಕ್‌ನಲ್ಲಿ ಎಲ್‌ಪಿ ಇದ್ದ ಹಾಗೇ, ಎರಡನೆಯದರಲ್ಲಿ ಏಳೂವರೆ ನಿಮಿಷದ 'ಬ್ಲೂ ಮಂಡೇ', ಉದ್ದನೆಯ 'ಕನ್‌ಫ್ಯೂಷನ್', 'ಥೀವ್ಸ್ ಲೈಕ್ ಅಸ್', 'ಲೋನ್‌ಸಮ್ ಟುನೈಟ್', 'ಮರ್ಡರ್'. 83-84ರ ಪೂರ್ತಿ ಚಿತ್ರ ಸಿಗುತ್ತದೆ.

ಇದಕ್ಕೂ ಒಂದು ಕೊರತೆಯಿದೆ. ಮೊದಲು ಬಂದ ಪ್ರತಿಗಳಲ್ಲಿ ಎರಡನೇ ಡಿಸ್ಕ್‌ನ ಧ್ವನಿಯಲ್ಲಿ ದೋಷಗಳಿದ್ದು, ಆಮೇಲೆ ತಿದ್ದಿದ ಪ್ರತಿಗಳು ಬಂದವು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ವಾಪಸ್ ತಗೊಳ್ಳುವ ಮಾರಾಟಗಾರರನ್ನೇ ಹಿಡಿಯಿರಿ. ಬಂದ ದಿನವೇ ಹೆಡ್‌ಫೋನ್ ಹಾಕಿಕೊಂಡು ಎರಡನೇ ಡಿಸ್ಕ್ ಪೂರ್ತಿ ಕೇಳಿ.

ಇದೇ ಆಲ್ಬಂನ 2020ರ ದುಬಾರಿ ಪೆಟ್ಟಿಗೆ (ಬಾಕ್ಸ್ ಸೆಟ್) ನನಗೆ ಬೇಡ. ಅಭ್ಯಾಸದ ಮುದ್ರಣಗಳು, ವಿಡಿಯೊಗಳು ಇವೆ, ಮೂಲ ಸಿಂಗಲ್‌ಗಳನ್ನು ಮಾತ್ರ ಬೇರೆಯಾಗಿಯೇ ಮಾರಿದರು. 1994ರ 'ಬೆಸ್ಟ್ ಆಫ್' ಬೇಡವೇ ಬೇಡ: ಅದರಲ್ಲಿರುವುದು 1988ರ 'ಬ್ಲೂ ಮಂಡೇ' ರೀಮಿಕ್ಸ್.

'ಸಬ್‌ಸ್ಟನ್ಸ್' ಯಾರಿಗೆ ಸರಿ? ಒಂದೇ ಸಲ ದುಡ್ಡು ಹಾಕಿ, 'ಬಿಝಾರ್ ಲವ್ ಟ್ರಯಾಂಗಲ್', 'ಟ್ರೂ ಫೇತ್' ತನಕ ಬೇಕು ಎನ್ನುವವರಿಗೆ. ಆಗ ಸಿಡಿಯನ್ನೇ ಕೊಳ್ಳಿ, ಎರಡನೇ ಡಿಸ್ಕ್ ಪೂರ್ತಿ ಬಿ-ಸೈಡ್‌ಗಳಿವೆ (ಸಿಂಗಲ್‌ಗಳ ಹಿಂಬದಿಯ ಹಾಡುಗಳು). 87ರ ಎಲ್‌ಪಿಯಲ್ಲಿ ಅವಿಲ್ಲ.

ಕೂತು ಒಂದು ಆಲ್ಬಂ ಪೂರ್ತಿ ಕೇಳುವ ಅಭ್ಯಾಸ ನನ್ನದು, ಹಾಗಾಗಿ ನನ್ನ ದುಡ್ಡು 2008ರ ಜೋಡಿ ಸಿಡಿಗೇ. ಅದರಲ್ಲಿಲ್ಲದ ಮೂಲ 'ಟೆಂಪ್ಟೇಶನ್'ಗೆ, ಟರ್ನ್‌ಟೇಬಲ್ ಇದ್ದರೆ, '1981–1982' ಎಂಬ ಐದು ಹಾಡುಗಳ 12 ಇಂಚಿನ ಇಪಿ (ಆಲ್ಬಂಗಿಂತ ಚಿಕ್ಕ ರೆಕಾರ್ಡ್) ಹಳೆಯ ರೆಕಾರ್ಡ್ ಮಾರುವವರಲ್ಲಿ ಕೇಳಿ. 'ಪ್ರೊಸೆಷನ್', 'ಹರ್ಟ್' ಕೂಡ ಅದರಲ್ಲೇ ಬರುತ್ತವೆ.