ನೆಂಟರು ಅರಳು ಮರಳು ಅಂದರು, ನಾನು ಏಳು ವಾರ ಪಾಠ ಕೇಳಿದೆ

ಅಮ್ಮನಿಗೆ 78. ಎರಡು ವರ್ಷದಿಂದ ಡಿಮೆನ್ಷಿಯಾ, ಅಂದರೆ ನೆನಪು, ಯೋಚನೆ ಎಲ್ಲ ಕುಂದಿಸುವ ಮೆದುಳಿನ ಕಾಯಿಲೆ. ಬರುವ ನೆಂಟರೆಲ್ಲ "ಅರವತ್ತಕ್ಕೆ ಅರಳು ಮರಳು, ಬಿಡಮ್ಮ" ಅಂದು ಕಾಫಿ ಕುಡಿದು ಹೋಗುತ್ತಾರೆ. ಅಮ್ಮನನ್ನು ನೋಡಿಕೊಳ್ಳಲು ಏಜೆನ್ಸಿಯೊಂದು ಟ್ರೇನಿಂಗ್ ಆಗಿದೆ ಅಂತ ಕಳಿಸಿದ ಹುಡುಗಿ ಡಿಮೆನ್ಷಿಯಾ ಅನ್ನೋ ಪದ ಕೇಳಿದ್ದೇ ನಮ್ಮ ಮನೆಯಲ್ಲಿ. ಅವಳನ್ನು ಬೈದು ಏನು ಬಂತು, ನನಗೂ ಗೊತ್ತಿರಲಿಲ್ಲ ಅಲ್ವಾ.

ಹಾಗಾಗಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ವಿಶ್ವವಿದ್ಯಾಲಯದ ವಿಕಿಂಗ್ ಸೆಂಟರ್ ನಡೆಸುವ 'ಅಂಡರ್‌ಸ್ಟ್ಯಾಂಡಿಂಗ್ ಡಿಮೆನ್ಷಿಯಾ' ಆನ್‌ಲೈನ್ ಕೋರ್ಸಿಗೆ ಸೇರಿದೆ. 2013ರಿಂದ ನಡೆಯುತ್ತಿದೆ, ಫೀಸ್ ಇಲ್ಲ. ಮೆದುಳು, ಕಾಯಿಲೆಗಳು, ಮನುಷ್ಯ ಅಂತ ಮೂರು ಭಾಗ.

ಮೆದುಳಿನ ಪಾಠ ನನಗೆ ಸ್ವಲ್ಪ ಭಾರ. ಜೇಮ್ಸ್ ವಿಕರ್ಸ್ ಅನ್ನೋ ವಿಜ್ಞಾನಿ ಚೆನ್ನಾಗೇ ಹೇಳುತ್ತಾರೆ, ಆದರೂ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಎರಡನೇ ಭಾಗದಲ್ಲಿ ಆಲ್‌ಝೈಮರ್ ಡಿಮೆನ್ಷಿಯಾದ ಒಂದು ಬಗೆ ಅಷ್ಟೇ, ಬೇರೆಯವೂ ಇವೆ, ಡಿಮೆನ್ಷಿಯಾ ಮುಪ್ಪಿನ ಸಹಜ ಗುಣ ಅಲ್ಲ, ಕೊನೆಗೆ ಜೀವ ತೆಗೆಯುವ ಕಾಯಿಲೆ ಅಂತ ನೇರವಾಗಿ ಹೇಳಿಬಿಡುತ್ತಾರೆ. ಆ ರಾತ್ರಿ ನಿದ್ದೆ ಬರಲಿಲ್ಲ. ಆದರೂ ಯಾರೋ ಹೇಳಿದರಲ್ಲ ಅನ್ನಿಸಿತು.

ನನಗೆ ಹಿಡಿಸಿದ್ದು ಮೂರನೇ ಭಾಗ, ಕಾಯಿಲೆ ಬಂದ ಮನುಷ್ಯನನ್ನು ನೋಡಿಕೊಳ್ಳುವ ಬಗ್ಗೆ ಇರುವುದು. ವಿಕರ್ಸ್ ಜೊತೆ ಈ ಸೆಂಟರ್ ಕಟ್ಟಿದ ಆಂಡ್ರೂ ರಾಬಿನ್‌ಸನ್ ಮೂಲತಃ ನರ್ಸ್, ಆಮೇಲೆ ವೃದ್ಧರ ಆರೈಕೆಯ ಪ್ರೊಫೆಸರ್. ಅಲ್ಲಿನ ವೃದ್ಧರ ಆರೈಕೆ ಕೇಂದ್ರಗಳನ್ನು ಟೀಚಿಂಗ್ ಆಸ್ಪತ್ರೆ ಥರ ಮಾಡಿ, ನರ್ಸಿಂಗ್ ವಿದ್ಯಾರ್ಥಿಗಳ ಜೊತೆ ಮೆಡಿಕಲ್ ವಿದ್ಯಾರ್ಥಿಗಳನ್ನೂ ಅಲ್ಲಿಗೆ ಕಳಿಸಿ ಕಲಿಸಿದವರಲ್ಲಿ ಇವರೂ ಒಬ್ಬರು. ನಮ್ಮಲ್ಲಿ ನರ್ಸ್ ಅಂದರೆ ಇನ್ನೂ ಇಂಜೆಕ್ಷನ್ ಚುಚ್ಚುವವರು.

ಇದರಿಂದ ನಮ್ಮ ಮನೆಯಲ್ಲಿ ಆದ ಒಂದು ಬದಲಾವಣೆ ಹೇಳುತ್ತೇನೆ. ಸ್ನಾನ ಆದಮೇಲೆ ರವಿಕೆ ತೊಡಿಸಲು ಹೋದರೆ ಅಮ್ಮ ಕಿರುಚಿ ಕೈ ತಳ್ಳುತ್ತಿದ್ದಳು. ಹಟ ಅಂದುಕೊಂಡು ನಾನೂ ಕಿರುಚುತ್ತಿದ್ದೆ. ಮಾತಲ್ಲಿ ಹೇಳಲಾಗದ ನೋವು ಸಿಟ್ಟಾಗಿ ಹೊರಬರಬಹುದು ಅಂತ ಕೇಳಿದ ಮೇಲೆ ಭುಜ ಮೆಲ್ಲಗೆ ಮುಟ್ಟಿ ನೋಡಿದೆ. ಬಲಭುಜ ಬಿಗಿದುಹೋಗಿತ್ತು, ಪಾಪ. ಫಿಸಿಯೋ ಹೇಳಿಕೊಟ್ಟ ಹಾಗೆ ಈಗ ನೋವಿರುವ ಕೈಗೆ ಮೊದಲು ತೋಳು ಹಾಕುತ್ತೇನೆ, ಬಿಚ್ಚುವಾಗ ಅದನ್ನೇ ಕೊನೆಗೆ ಬಿಚ್ಚುತ್ತೇನೆ. ಕಿರುಚಾಟ ಮುಕ್ಕಾಲು ಪಾಲು ನಿಂತಿದೆ.

ಕೊರತೆ? ಪಾಠ ಇಂಗ್ಲಿಷಿನಲ್ಲಿದೆ, ಆ ಹುಡುಗಿಗೆ ನಾನೇ ಕನ್ನಡದಲ್ಲಿ ಹೇಳಬೇಕಾಯಿತು. ಉದಾಹರಣೆಗಳೂ ಜಾಸ್ತಿ ಅಲ್ಲಿನ ವ್ಯವಸ್ಥೆಯವು. ಮನೆಯಲ್ಲಿ ಒಬ್ಬಳೇ ಮಗಳು ನೋಡಿಕೊಳ್ಳುವ ಕಷ್ಟಕ್ಕೆ ಅದನ್ನು ನಾವೇ ಹೊಂದಿಸಿಕೊಳ್ಳಬೇಕು. ಆದರೂ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಮುಂದಿನ ಬ್ಯಾಚಿಗೆ ತಮ್ಮನ ಹೆಸರು ನಾನೇ ಹಾಕಿದ್ದೇನೆ. ಪುಣೆಯಲ್ಲಿದ್ದಾನೆ. ದಿನಾ ಸಂಜೆ ವಿಡಿಯೋ ಕಾಲ್ ಮಾಡಿ "ಅಮ್ಮಾ, ನಾನ್ಯಾರು ಹೇಳು ನೋಡೋಣ" ಅಂತ ಪರೀಕ್ಷೆ ಮಾಡುತ್ತಾನೆ.