ಹಿಡಿದುಕೊಂಡ ಗೇರ್‌ಬಾಕ್ಸ್ ಬೋಲ್ಟ್: ಎಣ್ಣೆಯೋ, ಗನ್ನೋ, ಬಿಸಿಯೋ?

ಕರಾವಳಿಯಲ್ಲಿ ಓಡಿದ ಗಾಡಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸಲು ಹೊರಟರೆ ಬೋಲ್ಟ್ ಬಿಚ್ಚುವುದೇ ಅರ್ಧ ಕೆಲಸ. ಕೇಸಿಂಗ್ (ಹೊರಕವಚ) ಅಲ್ಯೂಮಿನಿಯಂ, ಬೋಲ್ಟ್ ಉಕ್ಕು. ನಡುವೆ ಉಪ್ಪಿನ ತೇವ ಸೇರಿದರೆ ಅಲ್ಯೂಮಿನಿಯಂ ಸವೆದು, ಬಿಳಿ ಪುಡಿಯಾಗಿ ಬೋಲ್ಟಿನ ತ್ರೆಡ್ಡಿನೊಳಗೆ (ಸುರುಳಿ ಗೆರೆಗಳೊಳಗೆ) ಕಚ್ಚಿಕೊಳ್ಳುತ್ತದೆ. ಇದಕ್ಕೆ ನಾನು ಎಣ್ಣೆ, ಇಂಪ್ಯಾಕ್ಟ್ ಗನ್ (ಏಟು ಕೊಡುತ್ತಾ ಬೋಲ್ಟ್ ತಿರುಗಿಸುವ ಯಂತ್ರ), ಬಿಸಿ ಮೂರನ್ನೂ ಬಳಸಿ ನೋಡಿದ್ದೇನೆ.

ಡಬ್ಲ್ಯೂಡಿ-40 ಸ್ಪ್ರೇ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ 1953ರಲ್ಲಿ ಅದನ್ನು ತಯಾರಿಸಿದ್ದೇ ಲೋಹದ ಮೇಲಿನ ನೀರನ್ನು ಓಡಿಸಿ ತುಕ್ಕು ತಡೆಯಲು. ಸಣ್ಣ ತುಕ್ಕಿಗೆ ಸಾಕು, ಬಿಗಿಯಾಗಿ ಹಿಡಿದದ್ದಕ್ಕೆ ಸಾಲದು. ಗೇರ್‌ಬಾಕ್ಸ್ ಎಣ್ಣೆಗೆ ಸಮಪಾಲು ಅಸಿಟೋನ್ (ಬೇಗ ಹೊತ್ತಿಕೊಳ್ಳುವ ದ್ರಾವಕ) ಬೆರೆಸಿದ್ದು ಇದಕ್ಕಿಂತ ಆಳಕ್ಕೆ ಇಳಿಯಿತು. ಎರಡೂ ಬೇಗ ಬೇರೆಯಾಗುವುದರಿಂದ ಪ್ರತಿ ಸಲ ಕುಲುಕಿಯೇ ಹಾಕಬೇಕು, ರಾತ್ರಿಯಿಡೀ ನೆನೆಯಲು ಬಿಡಬೇಕು. ಪೇಂಟಿಗೂ ಪ್ಲಾಸ್ಟಿಕ್ಕಿಗೂ ತಾಗಿಸಬಾರದು.

ಗನ್ ವೇಗದ್ದು, ಕೈಗೆಟುಕುವ ಕ್ರಾಸ್‌ಮೆಂಬರ್ (ಗೇರ್‌ಬಾಕ್ಸನ್ನು ಹೊರುವ ಅಡ್ಡಪಟ್ಟಿ) ಬೋಲ್ಟಿಗೆ ಅದೇ ಸರಿ. ಬೆಲ್ ಹೌಸಿಂಗ್‌ನ (ಗೇರ್‌ಬಾಕ್ಸ್ ಎಂಜಿನ್‌ಗೆ ಸೇರುವ ಗಂಟೆಯಾಕಾರದ ಭಾಗ) ಮೇಲಿನ ಬೋಲ್ಟಿಗೆ ಮಾತ್ರ ಉದ್ದದ ಎಕ್ಸ್‌ಟೆನ್ಶನ್ ಸಲಾಕೆ ಸೇರಿಸಲೇಬೇಕು. ಆ ಸಲಾಕೆ ತಿರುಚಿಕೊಂಡು ಏಟಿನ ಬಲವನ್ನು ಸಾಕಷ್ಟು ನುಂಗಿಬಿಡುತ್ತದೆ. ಅಲ್ಲಿ ಉದ್ದ ಹಿಡಿಯ ಬಾರ್ ವಾಸಿ, ಜೊತೆಗೆ ಬೋಲ್ಟಿನ ತಲೆಗೆ ಕೂರುವ ಆರು ಮೂಲೆಯ ಸಾಕೆಟ್. ಹನ್ನೆರಡು ಮೂಲೆಯದು ತುಕ್ಕು ತಿಂದ ತಲೆಯನ್ನು ದುಂಡಗೆ ಮಾಡಿಬಿಡುತ್ತದೆ. ಗೇರ್‌ಬಾಕ್ಸಿನ ಹಿಂಭಾಗವನ್ನು ಜ್ಯಾಕಿನ ಮೇಲೆ ಸ್ವಲ್ಪ ಇಳಿಸಿದರೆ ಮೇಲೆ ಜಾಗ ಸಿಗುತ್ತದೆ.

ಬಾರಿನಲ್ಲಿ ಕೈಗೆ ಸುದ್ದಿ ತಿಳಿಯುತ್ತದೆ. 'ಟಕ್' ಎಂದು ಬಿಟ್ಟರೆ ಗೆದ್ದಂತೆ. ಸದ್ದಿಲ್ಲದೆ ಮೆತ್ತಗೆ ತಿರುಗತೊಡಗಿದರೆ ಬೋಲ್ಟ್ ತಿರುಚುತ್ತಿದೆ, ಕತ್ತರಿಸಿ ಹೋಗಲು ಇನ್ನೊಂದೇ ಎಳೆತ ಸಾಕು. ಕೂಡಲೇ ನಿಲ್ಲಿಸಿ, ಬಿಗಿಯುವ ಕಡೆಗೆ ತಿರುಗಿಸಿ, ಎಣ್ಣೆ ಹಾಕಿ, ಮತ್ತೆ ಬಿಚ್ಚುವ ಕಡೆಗೆ. ಗನ್‌ನಲ್ಲಿ ಈ ಸೂಚನೆ ಸಿಗುವುದಿಲ್ಲ, ಮುರಿದ ಮೇಲೇ ಗೊತ್ತಾಗುವುದು.

ನನ್ನ ಮತ ಬಿಸಿಗೆ. ಅದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅದಕ್ಕೇ ಬೋಲ್ಟಿನ ತಲೆಗೆ ಹಿಡಿಯದೆ ಸುತ್ತಲಿನ ಕೇಸಿಂಗಿಗೆ ಹೀಟ್ ಗನ್ ಹಿಡಿಯಿರಿ, ತೂತು ಅಗಲವಾಗಿ ಹಿಡಿತ ಸಡಿಲುತ್ತದೆ. ಗ್ಯಾಸ್ ಜ್ವಾಲೆ ಇನ್ನೂ ಬೇಗ, ಆದರೆ ಪಕ್ಕದಲ್ಲೇ ವೈರಿಂಗ್, ಆಯಿಲ್ ಸೀಲ್, ಡೀಸೆಲ್ ಪೈಪು ಇರುವಲ್ಲಿ ನಾನು ಅದನ್ನು ಹಚ್ಚುವುದಿಲ್ಲ. ಅಸಿಟೋನ್ ಬಳಿದಲ್ಲಿ ಬಿಸಿಯೂ ಬೇಡ, ಕಿಡಿಯೂ ಬೇಡ. ಬಿಸಿ ಮೊದಲು, ಆರಿದ ಮೇಲೆ ಎಣ್ಣೆ.

ಮತ್ತೆ ಕೂರಿಸುವಾಗ ತ್ರೆಡ್ ಸ್ವಚ್ಛ ಮಾಡಲು ಟ್ಯಾಪ್‌ಗಿಂತ (ಹೊಸ ತ್ರೆಡ್ ಕೊರೆಯುವ ಉಪಕರಣ) ಚೇಸರ್ (ಇರುವ ತ್ರೆಡ್ಡನ್ನು ಸರಿಪಡಿಸುವ ಉಪಕರಣ) ಒಳ್ಳೆಯದು, ಟ್ಯಾಪ್ ಒಳ್ಳೆಯ ಲೋಹವನ್ನೂ ಕೆರೆಯುತ್ತದೆ. ಆ್ಯಂಟಿ-ಸೀಜ್ (ಬೋಲ್ಟ್ ಹಿಡಿದುಕೊಳ್ಳದಂತೆ ತಡೆಯುವ ಲೇಪ) ಹಚ್ಚಿದರೆ ಮುಂದಿನ ಸಲ ಸುಲಭ, ಆದರೆ ಘರ್ಷಣೆ ಕಡಿಮೆಯಾಗುವುದರಿಂದ ಒಣ ಬೋಲ್ಟಿಗೆ ಹೇಳಿದ ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ಅತಿಯಾಗುತ್ತದೆ, ಇಳಿಸಬೇಕು. ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಬೋಲ್ಟಿಗೆ ಆ್ಯಂಟಿ-ಸೀಜ್ ಬೇಡವೇ ಬೇಡ. ಗಾಡಿಯ ಕೈಪಿಡಿ ಹೇಳಿದ್ದರೆ ಥ್ರೆಡ್‌ಲಾಕರ್ (ಬೋಲ್ಟ್ ತಾನಾಗಿ ಸಡಿಲಾಗದಂತೆ ಹಿಡಿಯುವ ಅಂಟು). ಬೋಲ್ಟ್‌ಗಳನ್ನೆಲ್ಲ ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ.

ಬೆಲ್ ಹೌಸಿಂಗ್ ಎಂಜಿನ್‌ಗೆ ಕೈಬಲದಲ್ಲೇ ಹೊಂದಿ ಕೂರಬೇಕು. ಸಂದು ಉಳಿದರೆ ಬೋಲ್ಟಿನಿಂದ ಎಳೆಯಲು ಹೋಗಬೇಡಿ. ಕನ್ವರ್ಟರ್ ಗೇರ್‌ಬಾಕ್ಸಿನ ಎಣ್ಣೆ ಪಂಪಿನೊಳಗೆ ಪೂರ್ತಿ ಕೂತಿಲ್ಲ ಎಂದರ್ಥ, ಎಳೆದರೆ ಪಂಪೇ ಒಡೆಯುತ್ತದೆ. ಗೇರ್‌ಬಾಕ್ಸನ್ನು ಹಿಂದಕ್ಕೆ ಸರಿಸಿ, ಕನ್ವರ್ಟರನ್ನು ಒಳಕ್ಕೆ ಒತ್ತುತ್ತಾ ತಿರುಗಿಸಿ, ಪೂರ್ತಿ ಒಳಗಿಳಿದ ಮೇಲೆ ಮತ್ತೆ ಏರಿಸಿ.